ಪ್ಲೇಟಿನ ನಡುವಿನ ಚೀಟಿ

ಹಳೆಯ ಗ್ರಾಮಾಫೋನ್ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದ ಹಾಡು ಸುಮಾರು ಮೂರು, ಮೂರೂವರೆ ನಿಮಿಷದ್ದು. ಅದರ ನಡುವಿನ ದುಂಡು ಚೀಟಿಯನ್ನು ಓದಲು ಅರ್ಧ ನಿಮಿಷವೂ ಬೇಡ. ಆದರೂ ಹಳೆಯ ಪ್ಲೇಟುಗಳನ್ನು ಅರಸಿಕೊಂಡು ಊರೂರು ಅಲೆಯುವ ಸಂಗ್ರಾಹಕರು ಮೊದಲು ನೋಡುವುದು ಆ ಚೀಟಿಯನ್ನೇ. ಹಾಡು ಕೇಳುವುದು ಆಮೇಲಿನ ಮಾತು. ಹಾಡಿದವರು ಯಾರು, ಯಾವ ಭಾಷೆಯಲ್ಲಿ, ಯಾವ ಕಂಪನಿಗಾಗಿ, ಯಾವ ಸಂಖ್ಯೆಯ ಅಡಿಯಲ್ಲಿ ಎಂಬ ನಾಲ್ಕು ಸಂಗತಿಗಳು ಅಲ್ಲಿರುತ್ತವೆ. ಕಂಪನಿಯ ಹೆಸರು ಹೊತ್ತ ಆ ಕಾಗದಕ್ಕೆ ‘ಲೇಬಲ್’ ಎಂದು ಹೆಸರು. ಕಾಲಕ್ರಮದಲ್ಲಿ ಕಂಪನಿಯ ಮುದ್ರೆಗೂ ಅದೇ ಹೆಸರು ನಿಂತಿತು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ವಾಡೆಗಳ ಅಟ್ಟದಲ್ಲಿ, ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳ ಮೂಲೆಯಲ್ಲಿ ಇಂಥ ಪ್ಲೇಟುಗಳ ಪೆಟ್ಟಿಗೆ ಸಿಕ್ಕರೆ ಅದು ಸಾಮಾನ್ಯವಾಗಿ ಹೋಗುವುದು ಗುಜರಿಗೆ, ಇಲ್ಲವೇ ಅಲಂಕಾರದ ಸಾಮಾನು ಮಾರುವವರ ಕೈಗೆ. ಅದರೊಂದಿಗೆ ಹೋಗುವುದು ಬರೀ ಹಾಡಲ್ಲ. ಕನ್ನಡದ ಹಾಡುಗಾರಿಕೆಯ ಚರಿತ್ರೆಯಲ್ಲಿ ಬೇರೆಲ್ಲೂ ದಾಖಲಾಗದ ಒಂದು ಸಾಲು ಹೋಗಬಹುದು. ಏಕೆಂದರೆ ದೊಡ್ಡ ಕಂಪನಿಗಳ ಪುಸ್ತಕದಲ್ಲಿ ಇಲ್ಲದ ಎಷ್ಟೋ ಗಾಯಕ, ಗಾಯಕಿಯರಿಗೆ ಸಣ್ಣ ಕಂಪನಿಯೊಂದರ ಚೀಟಿಯೇ ಏಕಮಾತ್ರ ಸಾಕ್ಷಿ.

ಸೋತ ಹಾಡಿನ ಬೆಲೆ

ಹೆಸರು ಮಾಡದ ಲೇಬಲ್ಲುಗಳ ಬೆನ್ನು ಹತ್ತುವ ಹವ್ಯಾಸ ಜಗತ್ತಿನಲ್ಲಿ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇಂಗ್ಲೆಂಡಿನ ಉತ್ತರ ಭಾಗದ ಕೈಗಾರಿಕಾ ಪಟ್ಟಣಗಳು ಒಳ್ಳೆಯ ಉದಾಹರಣೆ. ಅಮೆರಿಕದ ಕರಿಯ ಜನರ ಚರ್ಚಿನ ಹಾಡುಗಾರಿಕೆ ಹಾಗೂ ಅವರ ಕುಣಿತದ ಸಂಗೀತ ಎರಡೂ ಬೆರೆತು 1950 ಮತ್ತು 60ರ ದಶಕಗಳಲ್ಲಿ ‘ಸೋಲ್’ ಎಂಬ ಪ್ರಕಾರ ಬೆಳೆಯಿತು. ಡೆಟ್ರಾಯಿಟ್ ನಗರದ ಮೊಟೌನ್, ಮೆಂಫಿಸ್ ನಗರದ ಸ್ಟ್ಯಾಕ್ಸ್ ಕಂಪನಿಗಳು ಅದರಲ್ಲಿ ಹೆಸರು ಮಾಡಿದವು. ಅವುಗಳ ನೆರಳಿನಲ್ಲಿ ಬೀದಿಗೊಂದರಂತೆ ಹುಟ್ಟಿಕೊಂಡ ಚಿಕ್ಕ ಲೇಬಲ್ಲುಗಳು ಕೆಲವೇ ನೂರು ಪ್ರತಿ ಒತ್ತಿಸಿ, ರೇಡಿಯೊದವರು ಹಾಕದೆ, ಕೊಳ್ಳುವವರಿಲ್ಲದೆ ಮುಚ್ಚಿಹೋದವು. ಮಾರಾಟವಾಗದ ಪ್ಲೇಟುಗಳು ಗೋದಾಮು ಸೇರಿದವು.

ವಿಗನ್ ಎಂಬ ಪಟ್ಟಣದ ‘ವಿಗನ್ ಕೆಸಿನೊ’ ನೃತ್ಯಶಾಲೆಯಲ್ಲಿ 1973ರಿಂದ 1981ರವರೆಗೆ ರಾತ್ರಿಯಿಡೀ ಕುಣಿಯಲು ಸೇರುತ್ತಿದ್ದ ತರುಣರಿಗೆ ಬೇಕಾದದ್ದು ಇಂಥ ಸೋತ ಹಾಡುಗಳೇ. ಎಲ್ಲರ ಬಳಿ ಇರುವ ಹಾಡಿಗೆ ಅಲ್ಲಿ ಮರ್ಯಾದೆಯಿರಲಿಲ್ಲ. ಯಾರೂ ಕೇಳದ ಹಾಡು ತಂದವನೇ ದೊಡ್ಡವನು. ಪ್ಲೇಟು ಹಾಕುವವರು ತಮ್ಮ ಗುಟ್ಟು ಬಿಟ್ಟುಕೊಡದಿರಲು ಚೀಟಿಯ ಮೇಲೆ ಬೇರೆ ಕಾಗದ ಅಂಟಿಸಿ ಹೆಸರು ಮರೆಸುತ್ತಿದ್ದರು. 1965ರಲ್ಲಿ ಮೊಟೌನ್ ಸಂಸ್ಥೆ ತನ್ನ ‘ಸೋಲ್’ ಎಂಬ ಲೇಬಲ್ಲಿನಲ್ಲಿ ಫ್ರಾಂಕ್ ವಿಲ್ಸನ್ ಎಂಬುವರ ಪ್ಲೇಟೊಂದನ್ನು ಒತ್ತಿಸಿ, ಮಾರಾಟಕ್ಕೆ ಬಿಡುವ ಮುನ್ನವೇ ಹಿಂದಕ್ಕೆ ತೆಗೆದುಕೊಂಡಿತು. ಉಳಿದದ್ದು ಬೆರಳೆಣಿಕೆಯ ಪ್ರತಿ. ಅವುಗಳಲ್ಲಿ ಒಂದು 2009ರಲ್ಲಿ 25 ಸಾವಿರ ಪೌಂಡಿಗೂ ಮೀರಿದ ಬೆಲೆಗೆ ಮಾರಾಟವಾಯಿತು.

ಅಲ್ಲಿ ಚೀಟಿಯನ್ನು ಬೇಕೆಂದೇ ಮರೆಸಿದರು. ನಮ್ಮಲ್ಲಿ ಚೀಟಿ ತಾನಾಗಿಯೇ ಅಳಿಸಿಹೋಗುತ್ತಿದೆ. ಗೆದ್ದ ಹಾಡನ್ನು ಸಾವಿರಾರು ಮನೆಗಳು ಕಾಪಾಡುತ್ತವೆ, ಸೋತ ಹಾಡು ಒಬ್ಬಿಬ್ಬರ ಆಸಕ್ತಿಯಿಂದಷ್ಟೇ ಉಳಿಯುತ್ತದೆ ಎಂಬ ನಿಯಮ ಮಾತ್ರ ಎರಡೂ ಕಡೆ ಒಂದೇ.

ಎರಡು ಪರವೂರುಗಳಲ್ಲಿ ಕನ್ನಡ

ಭಾರತದಲ್ಲಿ ಗ್ರಾಮಾಫೋನ್ ಕಂಪನಿಯ ಮೊದಲ ಧ್ವನಿಮುದ್ರಣ ನಡೆದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಲಂಡನ್ನಿನಿಂದ ಯಂತ್ರ ಹೊತ್ತು ತಂದಿದ್ದ. ಅಂದು ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರ್ ಕಾರ್ಖಾನೆಗೆ ಹೋಗಿ ಅಲ್ಲಿ ಪ್ಲೇಟುಗಳಾಗುತ್ತಿದ್ದುದರಿಂದ, ಭಾಷೆಯರಿಯದ ಕೆಲಸಗಾರರು ಯಾವ ಚೀಟಿ ಯಾವ ಪ್ಲೇಟಿಗೆಂದು ತಿಳಿಯಲು ಆ ಕೂಗು ನೆರವಾಗುತ್ತಿತ್ತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆರಂಭವಾಗಿ, 1928ರಲ್ಲಿ ಅದು ಡಂಡಂಗೆ ಹೋಯಿತು. ಗ್ರಾಮಾಫೋನಿನ ಮುಂದೆ ಕೂತ ನಾಯಿಯ ಚಿತ್ರದ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಮನೆಮಾತಾಯಿತು.

ಕನ್ನಡಕ್ಕೆ ಇಲ್ಲೊಂದು ತೊಡಕಿತ್ತು. ಪ್ಲೇಟಿನ ವ್ಯಾಪಾರದ ದೊಡ್ಡ ಕೇಂದ್ರಗಳೆಂದರೆ ಕಲ್ಕತ್ತೆ, ಮುಂಬಯಿ ಮತ್ತು ಮದರಾಸು. ಮೂರೂ ಕನ್ನಡದ ಊರುಗಳಲ್ಲ. ಧಾರವಾಡ, ಹುಬ್ಬಳ್ಳಿ, ವಿಜಾಪುರದ ಕಡೆಯ ಕಲಾವಿದರು ಮುಂಬಯಿಯ ದಾರಿ ಹಿಡಿದರೆ, ಮೈಸೂರು, ಬೆಂಗಳೂರಿನವರು ಮದರಾಸಿನತ್ತ ಹೊರಟರು. ಮುಂಬಯಿಯ ಪಟ್ಟಿಗಳಲ್ಲಿ ಮರಾಠಿ, ಗುಜರಾತಿ, ಹಿಂದಿಯ ನಡುವೆ, ಮದರಾಸಿನ ಪಟ್ಟಿಗಳಲ್ಲಿ ತಮಿಳು, ತೆಲುಗಿನ ಹಿಂದೆ ಕನ್ನಡ ಸಣ್ಣ ಕಲಮಾಗಿ ಬರುತ್ತಿತ್ತು. ಚೀಟಿಗಳ ಮೇಲೆ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ‘ಕನಾರೀಸ್’ ಎಂದು ಅಚ್ಚು ಹಾಕುತ್ತಿದ್ದರು. ಕನ್ನಡ ಪ್ಲೇಟು ಹುಡುಕುವವರ ಕಣ್ಣು ಮೊದಲು ಅರಸುವುದು ಈ ಪದವನ್ನು.

ನಾಯಿಯ ಚಿತ್ರದ ಕಂಪನಿಯೊಂದೇ ಇದ್ದಿದ್ದರೆ ಪತ್ತೆಯ ಕೆಲಸ ಸುಲಭವಾಗುತ್ತಿತ್ತು. ಅದರದೇ ಅಗ್ಗದ ಲೇಬಲ್ ‘ದಿ ಟ್ವಿನ್’. ಇನ್ನೊಂದು ದೊಡ್ಡ ಹೆಸರು ‘ಕೊಲಂಬಿಯಾ’; 1931ರಲ್ಲಿ ಲಂಡನ್ನಿನಲ್ಲಿ ಮಾತೃಸಂಸ್ಥೆಗಳು ಒಂದಾದ ಮೇಲೆ ಚೀಟಿಯಲ್ಲಿ ಪ್ರತಿಸ್ಪರ್ಧಿಗಳಾಗಿ ಕಂಡವರು ಮನೆಯೊಳಗೆ ಒಡಹುಟ್ಟಿದವರಾದರು. ಜರ್ಮನಿಯ ‘ಓಡಿಯನ್’ 1912ರಿಂದ 16ರವರೆಗೆ ಒಮ್ಮೆ, 1932ರಿಂದ 38ರವರೆಗೆ ಇನ್ನೊಮ್ಮೆ ಭಾರತದ ಮಾರುಕಟ್ಟೆಯಲ್ಲಿತ್ತು. ಎರಡನೆಯ ಸುತ್ತಿನಲ್ಲಿ ಅದು ಹೊರತಂದ ಶೀರ್ಷಿಕೆಗಳು ಎರಡು ಸಾವಿರಕ್ಕೂ ಹೆಚ್ಚು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು 1930ರ ದಶಕದಲ್ಲಿ ಹಾಡಿದ್ದು ಈ ಕಂಪನಿಗೆ. ಮದರಾಸಿನಲ್ಲಿ 1932ರಲ್ಲಿ ಶುರುವಾದ ‘ಸರಸ್ವತಿ ಸ್ಟೋರ್ಸ್’ ಓಡಿಯನ್ ಪ್ಲೇಟುಗಳ ವ್ಯಾಪಾರಕ್ಕೆ ನಿಂತಿತು. ಅದರ ಪಾಲುದಾರರಲ್ಲೊಬ್ಬರು ಮುಂದೆ ‘ಎವಿಎಂ’ ಚಿತ್ರಸಂಸ್ಥೆ ಕಟ್ಟಿದ ಎ.ವಿ. ಮೆಯ್ಯಪ್ಪನ್. ಮಹಾಯುದ್ಧ ಬಂದು ಜರ್ಮನಿಯ ಸರಕಿಗೆ ಬಾಗಿಲು ಮುಚ್ಚಿದಾಗ ಓಡಿಯನ್ನಿನ ಆ ಅಧ್ಯಾಯ ಮುಗಿಯಿತು.

ಇವುಗಳಲ್ಲಿ ಸಂಗ್ರಾಹಕರ ಆಸಕ್ತಿಯನ್ನು ಹೆಚ್ಚು ಕೆರಳಿಸುವುದು ‘ಯಂಗ್ ಇಂಡಿಯಾ’. ಮುಂಬಯಿಯ ನ್ಯಾಷನಲ್ ಗ್ರಾಮಾಫೋನ್ ರೆಕಾರ್ಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಈ ಸ್ವದೇಶಿ ಲೇಬಲ್ 1935ರಿಂದ 1955ರವರೆಗೆ ನಡೆಯಿತು. ಇಪ್ಪತ್ತು ವರ್ಷಗಳಲ್ಲಿ ಸುಮಾರು ಐದು ಸಾವಿರ ಪ್ಲೇಟುಗಳಲ್ಲಿ ಹತ್ತು ಸಾವಿರದಷ್ಟು ಶೀರ್ಷಿಕೆಗಳನ್ನು ಅದು ಹೊರತಂದಿತು. ಹೆಸರಾಂತ ಕಲಾವಿದರೆಲ್ಲ ದೊಡ್ಡ ಕಂಪನಿಗಳ ಕರಾರಿಗೆ ಒಳಪಟ್ಟಿದ್ದರು. ‘ಯಂಗ್ ಇಂಡಿಯಾ’ಗೆ ಹಾಡಿದವರಲ್ಲಿ ಹೆಚ್ಚಿನವರು ಹವ್ಯಾಸಿಗಳು, ಆಗತಾನೇ ಕಣ್ಣು ಬಿಡುತ್ತಿದ್ದವರು. ಅವರಲ್ಲಿ ಎಷ್ಟೋ ಮಂದಿ ಬೇರೆ ಯಾವ ಲೇಬಲ್ಲಿಗೂ ಹಾಡಲಿಲ್ಲ. ಕಂಪನಿ ಮುಚ್ಚಿದ ಮೇಲೆ ಅವರ ದನಿ ಉಳಿದದ್ದು ಕೊಂಡವರ ಮನೆಗಳಲ್ಲಿ ಮಾತ್ರ.

ರೈಲಿಗಿಂತ ಮುಂಚೆ ಬಂದ ಹಾಡು

ಈ ಪ್ಲೇಟುಗಳು ಕೊಪ್ಪಳದ ಸೀಮೆಗೆ ಬಂದ ಬಗೆಯನ್ನು ತಿಳಿಯಲು ಇಲ್ಲಿನ ರಾಜಕೀಯ ಭೂಗೋಳ ನೆನಪಿಗೆ ಬರಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅದರಲ್ಲೂ ಕೊಪ್ಪಳ ಸಾಲಾರ್ ಜಂಗರ ಜಹಗೀರು. ಮುಂದೆ ರಾಯಚೂರು ಜಿಲ್ಲೆಯ ಭಾಗವಾಗಿದ್ದು, 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತದ ಭಾಷೆ ಉರ್ದು. ಮನೆಯ ಮಾತು ಕನ್ನಡ. ಪಡುವಣದ ಗದಗ, ಹುಬ್ಬಳ್ಳಿಯ ಕಡೆಯಿಂದ ಮರಾಠಿ ರಂಗಸಂಗೀತದ ಗಾಳಿ, ಮೂಡಣದಿಂದ ತೆಲುಗಿನ ಪದ್ಯನಾಟಕದ ಗಾಳಿ ಬೀಸುತ್ತಿತ್ತು. ಇಂಥ ಸೀಮೆಯ ಪೆಟ್ಟಿಗೆಯೊಂದರಲ್ಲಿ ಉರ್ದು ಕವ್ವಾಲಿಯ ಪಕ್ಕದಲ್ಲಿ ಬಾಲಗಂಧರ್ವರ ನಾಟ್ಯಗೀತೆ, ಅದರ ಪಕ್ಕದಲ್ಲಿ ‘ಕನಾರೀಸ್’ ರಂಗಗೀತೆ ಇದ್ದರೆ ಸೋಜಿಗವೇನಿಲ್ಲ. ಒಂದು ಪೆಟ್ಟಿಗೆಯ ಚೀಟಿಗಳನ್ನು ಸಾಲಾಗಿ ಓದಿದರೆ ಒಂದು ಮನೆಯ ಕಿವಿ ಎಷ್ಟು ಭಾಷೆಗಳಿಗೆ ತೆರೆದುಕೊಂಡಿತ್ತೆಂದು ಹೇಳಬಹುದು. ಆದ್ದರಿಂದಲೇ ಕನ್ನಡದ್ದನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಬಿಸುಡುವುದು ತರವಲ್ಲ.

ರೇಡಿಯೊ ಬಂದದ್ದು ತಡವಾಗಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ ಪುಟ್ಟ ಕೇಂದ್ರ. ಹೈದರಾಬಾದಿನಲ್ಲಿ ನಿಜಾಮರ ರೇಡಿಯೊ ಇದ್ದರೂ ಅದರ ಮುಖ್ಯ ಭಾಷೆ ಉರ್ದು. ಧಾರವಾಡ ಆಕಾಶವಾಣಿ ಕೇಂದ್ರ ತೆರೆದದ್ದು 1950ರ ಜನವರಿ 8ರಂದು. ಅಲ್ಲಿಯವರೆಗೆ ಬಯಲುಸೀಮೆಯ ಹಳ್ಳಿಯೊಂದಕ್ಕೆ ದೂರದ ಕನ್ನಡ ಹಾಡುಗಾರರ ದನಿ ತಲುಪಬೇಕಾದರೆ ಎರಡೇ ದಾರಿ: ಜಾತ್ರೆಯಲ್ಲಿ ಬಿಡಾರ ಹೂಡುವ ನಾಟಕ ಕಂಪನಿ, ಇಲ್ಲವೇ ಕೀಲಿ ಕೊಟ್ಟು ತಿರುಗಿಸುವ ಗ್ರಾಮಾಫೋನು. ನಾಟಕ ಕಂಪನಿ ಊರು ಬಿಟ್ಟು ಹೋದ ಮೇಲೂ ಅದರ ಹಾಡು ಊರಿನಲ್ಲಿ ಉಳಿಯಲು ಪ್ಲೇಟು ಕಾರಣವಾಗುತ್ತಿತ್ತು.

ಹುಬ್ಬಳ್ಳಿ, ಗುಂತಕಲ್ಲು ನಡುವಿನ ರೈಲುಮಾರ್ಗ 19ನೆಯ ಶತಮಾನದಲ್ಲೇ ಕೊಪ್ಪಳವನ್ನು ಹಾದುಹೋಯಿತು. ಉಳಿದ ಊರುಗಳಿಗೆ ಆ ಭಾಗ್ಯವಿರಲಿಲ್ಲ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ. ಕೈಜಾರಿದರೆ ಚೂರಾಗುವ ಪ್ಲೇಟುಗಳು ಆ ಕಾಲದ ಹಾದಿಯಲ್ಲಿ, ಗಾಡಿಯ ಕುಲುಕಾಟದಲ್ಲಿ ಊರು ಸೇರಬೇಕಿತ್ತು. ಹಾಗೆ ಬಂದು ಉಳಿದ ಒಂದೊಂದೂ ದಾರಿಯ ಹೊಡೆತ ತಿಂದು ಗೆದ್ದದ್ದೇ.

ವಿದ್ಯುತ್ತು ಬಂದ ಮೇಲೆ ಪ್ಲೇಟಿನ ಬಳಕೆ ಮನೆಯಿಂದ ಬೀದಿಗೆ ಬಂತು. ಮದುವೆ, ಜಾತ್ರೆ, ಗಣೇಶನ ಚಪ್ಪರಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುವ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲಿ ತಲೆಯೆತ್ತಿದವು. ಟೆಂಟ್ ಸಿನಿಮಾದವರು ಆಟ ಶುರುವಾಗುವ ಮುನ್ನ ಭಕ್ತಿಗೀತೆಯ ಪ್ಲೇಟು ಹಾಕಿ ಸುತ್ತಲಿನ ಹಳ್ಳಿಗಳಿಗೆ ಹೊತ್ತು ತಿಳಿಸುತ್ತಿದ್ದರು. ‘ಸಂಗ್ರಾಹಕ’ ಎಂಬ ಪದ ಕೇಳದ ಈ ಜನರ ಬಳಿಯೇ ದೊಡ್ಡ ಸಂಗ್ರಹಗಳು ಬೆಳೆದವು. ಯಾವ ಸಂದರ್ಭಕ್ಕೆ ಯಾವ ಹಾಡು ಎಂಬುದು ಅವರಿಗೆ ಬಾಯಿಪಾಠ. ಪ್ಲೇಟಿನ ಚೀಟಿಯ ಮೇಲೆ ಶಾಯಿಯಲ್ಲಿ ಅಂಗಡಿಯ ಹೆಸರನ್ನೋ ಕ್ರಮಸಂಖ್ಯೆಯನ್ನೋ ಬರೆದಿದ್ದರೆ ಕೊಳ್ಳುವವರು ಅದನ್ನು ಕೊಳೆಯೆಂದು ಒರೆಸಬಾರದು. ಪ್ಲೇಟು ಎಲ್ಲಿ ದುಡಿಯಿತು ಎಂಬುದಕ್ಕೆ ಅದೇ ದಾಖಲೆ.

ಚೀಟಿ ಹೇಳುವ ಕಥೆ

ಚೀಟಿಯನ್ನು ಓದಬಲ್ಲವರಿಗೆ ಪ್ಲೇಟು ಎಷ್ಟು ಹೇಳುತ್ತದೆಂಬುದಕ್ಕೆ ಗಂಗೂಬಾಯಿ ಹಾನಗಲ್ಲರ ಉದಾಹರಣೆ ಸಾಕು. 1930ರ ದಶಕದ ಆರಂಭದಲ್ಲಿ ಎಚ್‌ಎಂವಿ ಹೊರತಂದ ಅವರ ಮೊದಲ ಪ್ಲೇಟುಗಳ ಮೇಲೆ ‘ಗಂಗೂಬಾಯಿ’ ಎಂಬ ಹೆಸರಿಲ್ಲ, ‘ಗಾಂಧಾರಿ’ ಎಂದಿದೆ. ಗೊತ್ತಿಲ್ಲದವರು ಯಾರೋ ಅಪರಿಚಿತೆಯೆಂದು ಬದಿಗಿಟ್ಟುಬಿಡಬಹುದು. ಹಾಕಿ ಕೇಳಿದರೂ ಅನುಮಾನ ಬಗೆಹರಿಯದು. ಏಕೆಂದರೆ ನಾಡು ಬಲ್ಲ ಗಂಗೂಬಾಯಿಯವರ ಗಂಭೀರವಾದ, ಗಂಡುದನಿಗೆ ಹತ್ತಿರವಾದ ಕಂಠ ಅಲ್ಲಿಲ್ಲ. ತೆಳುವಾದ, ಏರುಶ್ರುತಿಯ ಹೆಣ್ಣುದನಿ ಇದೆ. ಮುಂದೆ ಗಂಟಲಿನ ತೊಂದರೆ, ಅದರ ಚಿಕಿತ್ಸೆ ಆದ ಮೇಲೆ ಅವರ ದನಿ ಬದಲಾಯಿತು. 2009ರಲ್ಲಿ ಅವರು ತೀರಿಕೊಂಡಾಗ ಜನ ನೆನೆದದ್ದು ಆ ಎರಡನೆಯ ದನಿಯನ್ನು. ಮೊದಲ ದನಿಗೆ ಅರಗಿನ ಪ್ಲೇಟುಗಳೇ ಆಸರೆ.

ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಹೆಸರಿನೊಂದಿಗೇ ನಾಡನ್ನು ಹೊತ್ತು ಮುಂಬಯಿಗೆ ಹೋದವರು. 1943ರ ‘ಕಿಸ್ಮತ್’ ಹಿಂದಿ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದರು. ಅವರ ಸೋದರಿ ಗೋಹರ್‌ಬಾಯಿ ಬಾಲಗಂಧರ್ವರ ನಾಟಕ ಕಂಪನಿ ಸೇರಿದರು. ಕನ್ನಡದ ಓದುಗರು ಅಮೀರ್‌ಬಾಯಿಯವರನ್ನು ಮರೆತಿದ್ದ ಹೊತ್ತಿನಲ್ಲಿ ರಹಮತ್ ತರೀಕೆರೆಯವರು ಅವರ ಕುರಿತು ಪುಸ್ತಕ ಬರೆದು ಮತ್ತೆ ಮಾತಿಗೆ ತಂದರು. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ್ದಲ್ಲದೆ ಕೆಲಕಾಲ ಅಲ್ಲಿ ಸಂಗೀತ ನಿರ್ದೇಶಕರಾಗಿದ್ದರು. ಭೀಮಸೇನ ಜೋಶಿಯವರ ಮೊದಲ ಪ್ಲೇಟು ಬಂದದ್ದು 1942ರಲ್ಲಿ, ಭಕ್ತಿಗೀತೆಗಳದ್ದು. ಅವರನ್ನು ಮನೆ ಬಿಟ್ಟು ಗುರುವನ್ನು ಅರಸುವಂತೆ ಮಾಡಿದ್ದೂ ಒಂದು ಪ್ಲೇಟೇ. ಗದಗಿನ ಬಾಲಕ ಕೇಳಿದ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿ ಅದು. ಕೊಪ್ಪಳಕ್ಕೆ ಪಕ್ಕದ ಊರಿನಲ್ಲಿ ನಡೆದ ಈ ಘಟನೆ, ಮೂರು ನಿಮಿಷದ ಪ್ಲೇಟಿನ ಕಸುವಿಗೆ ಸಾಕ್ಷಿ.

ಚೀಟಿಯ ಹೊರಗೂ ಓದುವುದಿದೆ. ಹಾಡಿನ ಗೆರೆಗಳು ಮುಗಿದು ಚೀಟಿ ಶುರುವಾಗುವ ನಡುವಿನ ನುಣುಪು ಜಾಗದಲ್ಲಿ ಸಣ್ಣ ಅಂಕಿಗಳು ಒತ್ತಿರುತ್ತವೆ. ಇವು ಧ್ವನಿಮುದ್ರಣದ ಮೂಲ ಅಚ್ಚಿನ ಸಂಖ್ಯೆಗಳು. ಚೀಟಿಯಲ್ಲಿರುವುದು ಮಾರಾಟದ ಸಂಖ್ಯೆ. ಅದೇ ಹಾಡು ಬೇರೆ ಲೇಬಲ್ಲಿನಲ್ಲಿ, ಬೇರೆ ಸಂಖ್ಯೆಯಲ್ಲಿ ಮರುಮುದ್ರಣವಾದರೂ ಅಚ್ಚಿನ ಸಂಖ್ಯೆ ನಿಜ ಹೇಳುತ್ತದೆ. ಚೀಟಿ ಪೂರ್ತಿ ಸವೆದುಹೋದ ಪ್ಲೇಟನ್ನೂ ಈ ಅಂಕಿಗಳಿಂದ ಗುರುತಿಸಲು ಸಾಧ್ಯ. ಹೆಸರಿನ ಬಗ್ಗೆಯೂ ಎಚ್ಚರ ಬೇಕು. 1930ರ ದಶಕದಲ್ಲಿ ಜರ್ಮನಿಯಿಂದ ಬಂದ ‘ಓಡಿಯನ್’ ಬೇರೆ, ಮುಂದೆ ಡಂಡಂ ಕಂಪನಿ ಸಿನಿಮಾ ಹಾಡುಗಳಿಗೆ ಬಳಸಿದ ‘ಓಡಿಯನ್’ ಬೇರೆ. ಹೆಸರು ಒಂದೇ, ಕಾಲ ಬೇರೆ, ಪ್ಲೇಟಿನ ಮೈಯೂ ಬೇರೆ.

ಪ್ಲೇಟಿಗೆ ಸಿಗದವರು

ಪ್ಲೇಟುಗಳನ್ನು ನಂಬಿ ಚರಿತ್ರೆ ಬರೆಯುವವರು ಮರೆಯಬಾರದ ಮಾತೊಂದಿದೆ. ಮುಂಬಯಿಗೋ ಮದರಾಸಿಗೋ ಹೋಗಬಲ್ಲವರು, ಮೂರು ನಿಮಿಷಕ್ಕೆ ತಮ್ಮ ಕಲೆಯನ್ನು ಕತ್ತರಿಸಬಲ್ಲವರು, ಕೊಳ್ಳುವವರಿದ್ದಾರೆಂದು ಕಂಪನಿಗೆ ಅನಿಸಿದವರು ಮಾತ್ರ ಪ್ಲೇಟಿಗೆ ಬಂದರು. ಇಡೀ ರಾತ್ರಿ ನಡೆಯುವ ದೊಡ್ಡಾಟಕ್ಕೆ ಮೂರು ನಿಮಿಷದ ತಟ್ಟೆ ಎಲ್ಲಿ ಸಾಕು? ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಜೀವಮಾನವಿಡೀ ತೊಗಲುಗೊಂಬೆಯಾಟ ಆಡಿಸಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಗೌರವ ಪಡೆದರು. ಅಂಥ ಪರಂಪರೆಗಳು ಬಾಯಿಂದ ಬಾಯಿಗೆ ಸಾಗಿ ಉಳಿದವು. ಪ್ಲೇಟಿನ ಸಂಗ್ರಹ ನಾಡಿನ ಹಾಡಿನ ಒಂದು ಭಾಗದ ದಾಖಲೆ. ಆ ಭಾಗವೂ ಕೈಬಿಟ್ಟು ಹೋಗುತ್ತಿದೆ ಎಂಬುದಷ್ಟೇ ಇಲ್ಲಿನ ಚಿಂತೆ.

ಸಿನಿಮಾದ ಗತಿ ಎಚ್ಚರಿಕೆಯ ಗಂಟೆಯಂತಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ. ಜತನ ಮಾಡಬೇಕೆಂದು ತಿಳಿಯುವ ಹೊತ್ತಿಗೆ ಜತನ ಮಾಡಲು ಏನೂ ಇರಲಿಲ್ಲ.

ಅರಗು ಮತ್ತು ವಿನೈಲ್

78 ವೇಗದ ಪ್ಲೇಟು ನಿಮಿಷಕ್ಕೆ 78 ಸುತ್ತು ಸುತ್ತುತ್ತದೆ. ಅದರ ಮೈ ಅರಗಿನದು. ಬಿಹಾರ, ಛೋಟಾ ನಾಗಪುರದ ಕಾಡುಗಳ ಕೀಟ ಮರದ ರೆಂಬೆಗೆ ಮೆತ್ತುವ ಅರಗಿಗೆ ಕಲ್ಲಿನ ಪುಡಿ, ಹತ್ತಿಯ ಎಳೆ, ಕಾಡಿಗೆ ಸೇರಿಸಿ ಬಿಸಿಯಲ್ಲಿ ಒತ್ತಿದರೆ ಪ್ಲೇಟು. ಚೀಟಿಯನ್ನೂ ಅದೇ ಒತ್ತಿನಲ್ಲಿ ಕೂಡಿಸುತ್ತಿದ್ದುದರಿಂದ ಅದು ಅಂಟು ಬಿಡುವುದಿಲ್ಲ. ಕಲ್ಲಿನ ಪುಡಿಗೆ ಉಕ್ಕಿನ ಸೂಜಿ ಸವೆಯುತ್ತದೆ. ಬದಿಗೊಂದು ಹೊಸ ಸೂಜಿ ಹಾಕಬೇಕೆಂಬ ನಿಯಮ ಬಂದದ್ದು ಹಾಗೆ. ಮೊಂಡು ಸೂಜಿ ಹಾಡನ್ನೇ ಕೆರೆದು ಹಾಕುತ್ತದೆ.

ಅಮೆರಿಕದಲ್ಲಿ 1948ರಲ್ಲಿ ವಿನೈಲ್ ಪ್ಲಾಸ್ಟಿಕ್ಕಿನ ದೊಡ್ಡ ಎಲ್‌ಪಿ, 1949ರಲ್ಲಿ 45 ಸುತ್ತಿನ ಚಿಕ್ಕ ಪ್ಲೇಟು ಬಂದವು. ಭಾರತದಲ್ಲಿ ಅರಗಿನ ಪ್ಲೇಟು ಬೇಗ ಸಾಯಲಿಲ್ಲ. ಕೀಲಿಯ ಗ್ರಾಮಾಫೋನು ಹಳ್ಳಿಗಳಲ್ಲಿ ಇನ್ನೂ ತಿರುಗುತ್ತಿದ್ದುದರಿಂದ 1960ರ ದಶಕದಲ್ಲೂ 78ರ ಪ್ಲೇಟುಗಳನ್ನು ಡಂಡಂನಲ್ಲಿ ಒತ್ತುತ್ತಿದ್ದರು. ಬೀಟಲ್ಸ್ ತಂಡದ ಹಾಡುಗಳೂ ಇಲ್ಲಿ ಆ ರೂಪದಲ್ಲಿ ಬಂದವು; ಇಂದು ವಿದೇಶಿ ಸಂಗ್ರಾಹಕರು ಅವನ್ನು ಹುಡುಕುತ್ತಾರೆ. ಅನಂತರದ ಕನ್ನಡ ಸಿನಿಮಾ ಹಾಡುಗಳ ಏಳು ಅಂಗುಲದ ಪ್ಲೇಟುಗಳಲ್ಲಿ ಎಚ್‌ಎಂವಿ, ಕೊಲಂಬಿಯಾಗಳ ಜೊತೆಗೆ ‘ಇನ್ರೆಕೊ’, ಬೆಂಗಳೂರಿನ ‘ಸಂಗೀತಾ’ದಂಥ ಹೆಸರುಗಳು ಬರುತ್ತವೆ. 1978ರಲ್ಲಿ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ ಬಂದು ಮನೆಮನೆ ಹೊಕ್ಕ ಮೇಲೆ ಪ್ಲೇಟಿನ ಕಾಲ ಇಳಿಮುಖವಾಯಿತು. ಅಗ್ಗದ ಕ್ಯಾಸೆಟ್ಟಿನೆದುರು ಪ್ಲೇಟುಗಳು ಅಟ್ಟ ಹತ್ತಿದವು.

ಅಟ್ಟದಿಂದ ಇಳಿಸುವವರು ಕೆಲವು ಸಂಗತಿ ನೆನಪಿಡಬೇಕು. ಅರಗಿನ ಪ್ಲೇಟನ್ನು ಸ್ಪಿರಿಟ್ ಹಚ್ಚಿ ಒರೆಸಬಾರದು. ಸ್ಪಿರಿಟ್ಟಿಗೆ ಅರಗು ಕರಗುತ್ತದೆ, ಹಾಡು ಅಳಿಸುತ್ತದೆ. ಚೀಟಿಗೆ ನೀರು ತಾಗದಂತೆ ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ ನೆರಳಲ್ಲಿ ಒಣಗಿಸಿದರೆ ಸಾಕು. ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಅಡಿಯದು ಸೀಳುತ್ತದೆ, ಪುಸ್ತಕದಂತೆ ನಿಲ್ಲಿಸಬೇಕು. ವಿನೈಲ್ ಒಡೆಯದು, ಆದರೆ ಬಿಸಿಗೆ ಸೊಟ್ಟಗಾಗುತ್ತದೆ. ಈ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಇಟ್ಟರೆ ಮುಗಿಯಿತು. ಅರಗಿನ ಪ್ಲೇಟಿನ ಗೆರೆ ಎಲ್‌ಪಿಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಆದ್ದರಿಂದ ಒಂದರ ಸೂಜಿ ಇನ್ನೊಂದಕ್ಕೆ ಸಲ್ಲದು. ಕೀಲಿಯ ಗ್ರಾಮಾಫೋನಿನ ಭಾರದ ಸೂಜಿಯ ಕೆಳಗೆ ವಿನೈಲ್ ಇಟ್ಟರೆ ಒಂದೇ ಆಟಕ್ಕೆ ಹಾಳು. ಪೇಟೆಗಳಲ್ಲಿ ಹೊಳೆಯುವ ಹಿತ್ತಾಳೆಯ ಕೊಂಬು ಹಚ್ಚಿ ‘ಪುರಾತನ’ ಎಂದು ಮಾರುವ ಯಂತ್ರಗಳಲ್ಲಿ ಹಲವು ಈಚೆಗೆ ಜೋಡಿಸಿದವು. ಅವುಗಳ ಮೇಲೆ ಅಪರೂಪದ ಪ್ಲೇಟು ಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕು.

ಹವ್ಯಾಸದಿಂದ ದಾಖಲೆಗೆ

ಒಬ್ಬೊಬ್ಬರೇ ಕೂಡಿಟ್ಟದ್ದನ್ನು ಒಂದೆಡೆ ತಂದರೆ ಏನಾಗಬಹುದೆಂದು ಮುಂಬಯಿಯ ಸಂಗ್ರಾಹಕರು ತೋರಿಸಿದ್ದಾರೆ. 1990ರಲ್ಲಿ ಅಲ್ಲಿ ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ ಹುಟ್ಟಿತು. ‘ದಿ ರೆಕಾರ್ಡ್ ನ್ಯೂಸ್’ ಎಂಬ ಅದರ ಪತ್ರಿಕೆ ಗಾಯಕರ ಪ್ಲೇಟುಗಳ ಪಟ್ಟಿಗಳನ್ನು ಪ್ರಕಟಿಸಿತು. ಸಂಘದ ಸುರೇಶ್ ಚಾಂದವಣಕರ್ ಅವರ ಮುಂದಾಳುತನದಲ್ಲಿ ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆಯಡಿ ‘ಯಂಗ್ ಇಂಡಿಯಾ’ ಹಾಗೂ ‘ಓಡಿಯನ್’ ಲೇಬಲ್ಲುಗಳ ಪ್ಲೇಟುಗಳನ್ನು ಖಾಸಗಿ ಸಂಗ್ರಹಗಳಿಂದ ಪಡೆದು ಹಾಡನ್ನೂ ಚೀಟಿಯನ್ನೂ ಡಿಜಿಟಲ್ ರೂಪಕ್ಕೆ ಇಳಿಸಲಾಯಿತು. ಕಂಪನಿ ಕಾಪಾಡದ್ದನ್ನು ಗುಜರಿಯಿಂದ ಎತ್ತಿತಂದವರು ಕಾಪಾಡಿದರು.

ಕಾನೂನೂ ಈಗ ಅನುಕೂಲವಾಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಆದ್ದರಿಂದ 1950ರ ದಶಕ ಮತ್ತು ಅದಕ್ಕೂ ಹಿಂದಿನ ಪ್ಲೇಟುಗಳ ಧ್ವನಿಮುದ್ರಣದ ಮೇಲೆ ಕಂಪನಿಗಳ ಹಕ್ಕು ಮುಗಿದಿದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಮಾತ್ರ ಬೇರೆ. ಅದನ್ನು ರಚನೆಕಾರರು ತೀರಿಕೊಂಡ ವರ್ಷದಿಂದ ಎಣಿಸಬೇಕು.

ಇಷ್ಟೆಲ್ಲ ಮಾಡಲು ಯಂತ್ರ ಬೇಕು, ಹಣ ಬೇಕು ಎನ್ನುವವರಿಗೂ ಮೊದಲ ಕೆಲಸ ಸುಲಭದ್ದೇ. ಪ್ಲೇಟನ್ನು ಹಾಕಿ ಕೇಳಬೇಕೆಂದೇನೂ ಇಲ್ಲ. ಎರಡೂ ಬದಿಯ ಚೀಟಿಯನ್ನು ಬೆಳಕಿನಲ್ಲಿ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಲೇಬಲ್ಲಿನ ಹೆಸರು, ಸಂಖ್ಯೆ, ಹಾಡಿದವರ ಹೆಸರು, ಭಾಷೆ, ಹಾಡಿನ ಮೊದಲ ಪದ, ನುಣುಪು ಜಾಗದ ಅಂಕಿ ಇವಿಷ್ಟನ್ನು ಬರೆದಿಟ್ಟುಕೊಳ್ಳಬೇಕು. ಪ್ಲೇಟು ಯಾರ ಮನೆಯದು, ಯಾವ ಊರಿನಲ್ಲಿ ಕೊಂಡದ್ದು ಎಂದು ಹಿರಿಯರನ್ನು ಕೇಳಿ ಅದರ ಮುಂದೆ ಸೇರಿಸಬೇಕು. ಒಡೆದ ಪ್ಲೇಟಿನ ಚೂರುಗಳಲ್ಲೂ ಚೀಟಿ ಉಳಿದಿದ್ದರೆ ಅದನ್ನೂ ಬಿಡಬಾರದು. ಕುಷ್ಟಗಿಯ ಒಂದು ಪೆಟ್ಟಿಗೆಯಲ್ಲಿ, ಯಲಬುರ್ಗಾದ ಒಂದು ಅಟ್ಟದಲ್ಲಿ ಹೆಸರೇ ಕೇಳದ ಗಾಯಕಿಯೊಬ್ಬಳ ‘ಕನಾರೀಸ್’ ಪ್ಲೇಟು ಸಿಕ್ಕರೆ ಅವಳ ಹೆಸರು ಪಟ್ಟಿಗೆ ಸೇರಲು ಒಂದು ಹಾಳೆ ಕಾಗದ ಸಾಕು. ಅಷ್ಟನ್ನು ಬರೆದುಕೊಂಡ ಮೇಲೆ, ಪೆಟ್ಟಿಗೆಯನ್ನು ತೂಕಕ್ಕೆ ಹಾಕಬೇಕೋ ಬೇಡವೋ ಎಂದು ಮನೆಯವರು ಮತ್ತೊಮ್ಮೆ ಕೂತು ಮಾತಾಡಬಹುದು.